ತರಕಾರಿ ಟ್ರೇಯಲ್ಲಿ ಒಂದು ಚಳಿಗಾಲ

ಮೂರು ವರ್ಷದ ಹಿಂದೆ ಆನ್‌ಲೈನಿನಲ್ಲಿ ತರಿಸಿದ ಪಿಯೋನಿ ಗೆಡ್ಡೆ ನೋಡಲಿಕ್ಕೆ ಒಣಗಿದ ಮರಗೆಣಸಿನ ಗೊಂಚಲಿನ ಹಾಗಿತ್ತು. ನೆತ್ತಿಯ ಮೇಲೆ ಕಡಲೆಕಾಳಿನ ಗಾತ್ರದ ಮೂರು ಕೆಂಪು ಮೊಗ್ಗು. ಆಲೂಗಡ್ಡೆಗೆ ಹೇಳುವ ಹಾಗೆ ಇವಕ್ಕೂ ಕಣ್ಣು ಎಂದೇ ಹೆಸರು. ಪೊಟ್ಟಣದ ಮೇಲೆ ಮಾತ್ರ ಎಲೆಕೋಸಿನಷ್ಟು ದಪ್ಪನೆಯ, ನೂರಾರು ಎಸಳಿನ ಗುಲಾಬಿ ಬಣ್ಣದ ಹೂವಿನ ಚಿತ್ರ. ಬೆಂಗಳೂರಿನ ಕುಕ್ ಟೌನಿನ ನಮ್ಮ ಮನೆಯ ಕಾಂಪೌಂಡಿನೊಳಗೆ, ಮಧ್ಯಾಹ್ನದ ಬಿಸಿಲು ಬೀಳದ ಜಾಗ ನೋಡಿ ಕುಂಡದಲ್ಲಿ ನೆಟ್ಟೆ. ಆಗ ನವೆಂಬರ್. ವೀಲರ್ ರೋಡಿನಲ್ಲಿ ಬೆಳಗಿನ ವಾಕಿಂಗ್ ಹೋಗುವವರು ಮಂಕಿ ಕ್ಯಾಪ್ ಹೊರತೆಗೆಯುವ ಕಾಲ. ಇಷ್ಟು ಚಳಿ ಸಾಲದೇ ಅಂದುಕೊಂಡಿದ್ದೆ.

ಸಾಲಲಿಲ್ಲ. ಎರಡು ಎಲೆ ಬಂತು, ಏಪ್ರಿಲ್ ಹೊತ್ತಿಗೆ ಅಂಚು ಸುಟ್ಟು ಕಂದಾಯಿತು. ಮಳೆಗಾಲ ಮುಗಿಯುವ ಮೊದಲೇ ಅದೂ ಬಾಡಿಹೋಯಿತು. ಮರುವರ್ಷ ಜನವರಿಯಾದರೂ ಮಣ್ಣು ಮಿಸುಕಲಿಲ್ಲ. ವಾರಕ್ಕೊಮ್ಮೆ ಬರುವ ಮಾಲಿ ಬೆರಳಿನಿಂದ ಕೆದಕಿ, ಕಣ್ಣನ್ನು ಉಗುರಿನಲ್ಲಿ ಮೆಲ್ಲಗೆ ಗೀರಿ, ಒಳಗಿನ ಹಸಿರು ತೋರಿಸಿ ಹೇಳಿದ: "ಸತ್ತಿಲ್ಲ ಸಾರ್, ನಿದ್ದೆ ಮಾಡ್ತಾ ಇದೆ." ಸಸ್ಯಶಾಸ್ತ್ರದ ಪ್ರಕಾರ ಇದಕ್ಕಿಂತ ನಿಖರವಾದ ಮಾತಿಲ್ಲ.

ಪಿಯೋನಿಯ ತವರು ಚೀನಾ, ಸೈಬೀರಿಯಾ, ಮೆಡಿಟರೇನಿಯನ್ ಬೆಟ್ಟಗಳು. ಹಿಮಾಲಯದಲ್ಲೂ ಅದರ ಬಿಳಿ ಹೂವಿನ ತಂಗಿಯೊಬ್ಬಳಿದ್ದಾಳೆ, ಹೆಸರು ಪಿಯೋನಿಯಾ ಎಮೋಡಿ. ಕಾಶ್ಮೀರದಿಂದ ಉತ್ತರಾಖಂಡದವರೆಗೆ ಕಾಡಂಚಿನಲ್ಲಿ ಬೆಳೆಯುತ್ತದೆ. ಯುನಾನಿ ವೈದ್ಯದ 'ಊದ್ ಸಲೀಬ್' ಎಂದರೆ ಪಿಯೋನಿಯ ಬೇರೇ. ಮೂರ್ಛೆರೋಗಕ್ಕೆ ಕೊಡುತ್ತಿದ್ದ ಹಳೇ ಮದ್ದು. ಹೂವಾಗಿ ಬೆಂಗಳೂರಿಗೆ ಒಗ್ಗದ ಗಿಡ, ಒಣಬೇರಾಗಿ ಹಕೀಮರ ಡಬ್ಬಿ ಸೇರಿ ಬಹಳ ಕಾಲವಾಯಿತು.

ಹಿಮ ಬೀಳುವ ನಾಡಿನ ಗಿಡಕ್ಕೆ ಒಂದು ಅಪಾಯವಿದೆ. ಡಿಸೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಕಾದರೆ ವಸಂತ ಬಂತೆಂದು ಮೋಸಹೋಗಿ ಚಿಗುರಬಹುದು. ಐದನೇ ದಿನದ ಹಿಮಕ್ಕೆ ಚಿಗುರೆಲ್ಲ ಸುಟ್ಟುಹೋಗಬಹುದು. ಅದಕ್ಕೇ ಈ ಗಿಡಗಳು ಬಿಸಿಲನ್ನು ನಂಬುವುದಿಲ್ಲ, ಕಳೆದ ಚಳಿಯನ್ನು ಲೆಕ್ಕ ಹಾಕುತ್ತವೆ. ಗೊತ್ತಾದಷ್ಟು ಚಳಿ ಜಮೆಯಾಗುವ ತನಕ, ಎಷ್ಟೇ ನೀರು ಗೊಬ್ಬರ ಕೊಟ್ಟರೂ ಕಣ್ಣು ತೆರೆಯುವುದಿಲ್ಲ.

ಈ ಲೆಕ್ಕವನ್ನು ಪೀಚ್ ಮರಗಳಲ್ಲಿ ಅಭ್ಯಾಸ ಮಾಡಿದ ಅಮೆರಿಕದ ಯೂಟಾ ರಾಜ್ಯದ ವಿಜ್ಞಾನಿಗಳು 1974ರಲ್ಲಿ ಒಂದು ಪಟ್ಟಿ ಕಟ್ಟಿದರು. ತಾಪಮಾನ 2.5ರಿಂದ 9.1 ಡಿಗ್ರಿ ಸೆಲ್ಸಿಯಸ್ ಇದ್ದರೆ ಗಂಟೆಗೆ ಒಂದು ಅಂಕ. 9.2ರಿಂದ 12.4 ಇದ್ದರೆ ಅರ್ಧ. 12.5ರಿಂದ 15.9ರವರೆಗೆ ಸೊನ್ನೆ. ಅದಕ್ಕೂ ಮೇಲೇರಿದರೆ ಅಂಕ ವಜಾ ಆಗುತ್ತದೆ. 18 ಡಿಗ್ರಿ ದಾಟಿದ ಪ್ರತಿ ಗಂಟೆಗೂ ಕೂಡಿಟ್ಟದ್ದರಲ್ಲಿ ಒಂದು ಹೋಗುತ್ತದೆ. ಪೀಚ್ ಪಟ್ಟಿ ಪಿಯೋನಿಗೆ ತದ್ವತ್ ಹೊಂದುವುದಿಲ್ಲ, ಲೆಕ್ಕದ ರೀತಿ ಮಾತ್ರ ಹೆಚ್ಚುಕಡಿಮೆ ಇದೇ.

ಈಗ ನಮ್ಮೂರನ್ನು ಈ ಪಟ್ಟಿಯ ಮುಂದೆ ನಿಲ್ಲಿಸಿ. ಜನವರಿಯ ರಾತ್ರಿ ಸುಮಾರು 15-16 ಡಿಗ್ರಿ, ಅಂದರೆ ಬಂದದ್ದು ಸೊನ್ನೆ. ಹಗಲು 27ರ ಆಸುಪಾಸು, ಪೂರ್ತಿ ನಷ್ಟ. ಬೆಂಗಳೂರಿನ ಅತಿ ಚಳಿಯ ದಾಖಲೆ 1884ರ ಜನವರಿ 13ರದು, 7.8 ಡಿಗ್ರಿ. ಆ ಬೆಳಗಿನ ಜಾವ ಕಂಟೋನ್ಮೆಂಟಿನ ಯಾವುದಾದರೂ ತೋಟದಲ್ಲಿ ಪಿಯೋನಿ ಇದ್ದಿದ್ದರೆ ಕೆಲವು ಅಂಕ ಗಳಿಸಿರುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಅಷ್ಟೂ ತೆತ್ತಿರುತ್ತಿತ್ತು. ನಮಗೆ ಚಳಿ ಎನಿಸುವುದೂ ಪಿಯೋನಿಗೆ ಚಳಿ ಎನಿಸುವುದೂ ಬೇರೆಬೇರೆ.

ಮೊಗ್ಗಿನೊಳಗೆ ಈ ಲೆಕ್ಕ ನಡೆಯುವುದು ಹೇಗೆ? ಬರ್ಚ್, ಪಾಪ್ಲರ್ ಮರಗಳಲ್ಲಿ ಕಂಡದ್ದು ಹೀಗಿದೆ. ಪಕ್ಕಪಕ್ಕದ ಜೀವಕೋಶಗಳ ನಡುವೆ ಸೂಕ್ಷ್ಮ ಕಿಂಡಿಗಳಿರುತ್ತವೆ. ಬೆಳೆಯಬೇಕೆಂಬ ಸುದ್ದಿ ಒಂದು ಕೋಶದಿಂದ ಇನ್ನೊಂದಕ್ಕೆ ಹೋಗುವುದು ಇವುಗಳ ಮೂಲಕ. ಗಿಡ ನಿದ್ದೆಗೆ ಜಾರುವಾಗ ಕ್ಯಾಲೋಸ್ ಎಂಬ ಸಕ್ಕರೆಯ ಸರಪಳಿ ಈ ಕಿಂಡಿಗಳಿಗೆ ಬಿರಡೆ ಹಾಕುತ್ತದೆ. ಒಂದೊಂದು ಕೋಶವೂ ಒಂಟಿ. ವಾರಗಟ್ಟಲೆ ಚಳಿಯಲ್ಲಿ ಕೂತ ಮೇಲೆ ಕ್ಯಾಲೋಸನ್ನು ಕರಗಿಸುವ ಕಿಣ್ವಗಳು ತಯಾರಾಗಿ ಬಿರಡೆ ಬಿಡುತ್ತದೆ. ಈ ಕೆಲಸದಲ್ಲಿ ಜಿಬ್ಬರೆಲಿನ್ ಹಾರ್ಮೋನಿನ ಕೈಯೂ ಇದೆ. ದ್ರಾಕ್ಷಿ ಬೆಳೆಗಾರರು ಕಾಯಿ ದಪ್ಪವಾಗಲೆಂದು ಗೊಂಚಲು ಅದ್ದುವ 'ಜಿಎ' ದ್ರಾವಣ ಎಂದರೆ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯವರಿಗೆ ತಟ್ಟನೆ ತಿಳಿದೀತು.

ಹಾಗಾದರೆ ಬೆಂಗಳೂರಿನಲ್ಲಿ ಸೇಬು ಬೆಳೆಯುತ್ತಿದ್ದದ್ದು ಹೇಗೆ ಎಂದು ಹಳಬರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಲಾಲ್‌ಬಾಗಿನ ಮೇಲ್ವಿಚಾರಕ ಜಾನ್ ಕ್ಯಾಮೆರಾನ್ ಸೀಮೆಬದನೆಯಂಥ ಹೊರನಾಡಿನ ಬೆಳೆಗಳನ್ನು ತಂದು ಪ್ರಯೋಗ ಮಾಡಿದ ಕಾಲದಿಂದಲೇ ಇಲ್ಲಿ ಸೇಬಿನ ಗಿಡಗಳಿದ್ದವು. 'ರೋಮ್ ಬ್ಯೂಟಿ' ಎಂಬ ತಳಿ ಊರಿಗೆ ಒಗ್ಗಿತ್ತು. ಇದೇ ತಳಿಯನ್ನು ಸಮಭಾಜಕದ ಹತ್ತಿರದ ಜಾವಾ ದ್ವೀಪದ ಬಾಟು ಊರಿನವರು ವರ್ಷಕ್ಕೆ ಎರಡು ಫಸಲು ಬರುವ ಹಾಗೆ ಬೆಳೆದರು. ಉಪಾಯ ಸರಳ: ಕೊಯ್ಲು ಮುಗಿದ ಕೂಡಲೇ ಮರದ ಎಲೆಗಳನ್ನೆಲ್ಲ ಕೈಯಲ್ಲಿ ಕಿತ್ತುಹಾಕುವುದು. ಮೊಗ್ಗು ಗಾಢ ನಿದ್ದೆಗೆ ಇಳಿಯುವ ಮೊದಲೇ ಹೀಗೆ ಎಲೆ ಕಿತ್ತರೆ ಅದು ನಿದ್ದೆಯನ್ನೇ ಬಿಟ್ಟು ಚಿಗುರುತ್ತದೆ. ಚಳಿಯ ಸಾಲವನ್ನೇ ಮಾಡದಿದ್ದರೆ ತೀರಿಸುವ ಮಾತೆಲ್ಲಿ?

ಪಿಯೋನಿಗೆ ಈ ಉಪಾಯ ನಡೆಯುವುದಿಲ್ಲ. ಅದರ ಕಾಂಡ ವರ್ಷವರ್ಷವೂ ಸಾಯುತ್ತದೆ, ಮುಂದಿನ ವರ್ಷದ ಹೂವು ಮಣ್ಣಿನೊಳಗಿನ ಕಣ್ಣಿನಲ್ಲಿ ರೂಪುಗೊಂಡು ಅಲ್ಲೇ ಮಲಗುತ್ತದೆ. ಕಿತ್ತುಹಾಕಿ ಎಬ್ಬಿಸೋಣವೆಂದರೆ ಮೇಲೆ ಏನೂ ಉಳಿದಿರುವುದಿಲ್ಲ.

ಉಳಿದ ದಾರಿ ಚಳಿಯನ್ನು ತಂದುಕೊಡುವುದು. ಇದನ್ನು ವ್ಯವಸ್ಥಿತವಾಗಿ ಮಾಡಿ ತೋರಿಸಿದವರು ಇಸ್ರೇಲಿನ ಅಬ್ರಹಾಂ ಹಾಲೆವಿ, ರೀನಾ ಕಾಮೆನೆಟ್‌ಸ್ಕಿ ಮತ್ತು ಅವರ ಜೊತೆಗಾರರು. ಕುಂಡದ ಗಿಡಗಳನ್ನು ಸುಮಾರು 60 ದಿನ 2 ಡಿಗ್ರಿಯ ಶೀತಲಗೃಹದಲ್ಲಿಟ್ಟು, ಹೊರತೆಗೆದ ಮೇಲೆ ಬುಡಕ್ಕೆ ಜಿಬ್ಬರೆಲಿನ್ ಹಾಕಿದರೆ, ಯುರೋಪಿನಲ್ಲಿ ಹೂವಿಲ್ಲದ ಕಾಲಕ್ಕೆ ಹೂ ಕೊಯ್ಯಬಹುದು. ಇದಕ್ಕೆ ತದ್ವಿರುದ್ಧವಾಗಿ ಅಲಾಸ್ಕಾದ ರೈತರು ಬೇರೆಲ್ಲ ಕಡೆ ಹೂ ಮುಗಿದ ಮೇಲೆ ಜುಲೈ-ಆಗಸ್ಟಿನಲ್ಲಿ ಮಾರುತ್ತಾರೆ. ಪಿಯೋನಿಯ ವ್ಯಾಪಾರ ನಿಂತಿರುವುದೇ ಚಳಿಯ ಮೇಲೆ.

ನಮ್ಮ ಮನೆಯ ಶೀತಲಗೃಹ ಎಂದರೆ 4 ಡಿಗ್ರಿಯ ಫ್ರಿಜ್. ಸೆಪ್ಟೆಂಬರ್ ಕೊನೆಗೆ ಗೆಡ್ಡೆ ಅಗೆದು, ಹಿಂಡಿ ತೇವ ಕಡಿಮೆ ಮಾಡಿದ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ, ತೂತು ಮಾಡಿದ ಕವರಿನಲ್ಲಿ ಹಾಕಿ ತರಕಾರಿ ಟ್ರೇಯಲ್ಲಿಟ್ಟೆ. ಅಲ್ಲಿದ್ದ ಸೇಬು, ಬಾಳೆಹಣ್ಣನ್ನು ಹೊರಗೆ ಹಾಕಬೇಕಾಯಿತು. ಹಣ್ಣು ಬಿಡುವ ಎಥಿಲೀನ್ ಅನಿಲ ಒಳಗಿನ ಹೂಮೊಗ್ಗನ್ನು ಕೆಡಿಸಬಲ್ಲದು. ಹತ್ತು ವಾರ ಸೊಪ್ಪು ಇಡಲು ಜಾಗವಿಲ್ಲವೆಂದು ಮನೆಯಲ್ಲಿ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ತಿಂಗಳ ಆಯ್ಕೆಗೂ ಕಾರಣವಿದೆ. ಡಿಸೆಂಬರಿನಲ್ಲಿ ಫ್ರಿಜ್ಜಿಗೆ ಹಾಕಿದರೆ ಹೂ ಬರುವ ಹೊತ್ತಿಗೆ ಏಪ್ರಿಲ್ ಬಂದಿರುತ್ತದೆ. 34 ಡಿಗ್ರಿಯ ಬಿಸಿಲಿಗೆ ಮೊಗ್ಗು ಬಟಾಣಿ ಗಾತ್ರದಲ್ಲೇ ಕಂದಿ ಒಣಗುತ್ತದೆ. ಚಳಿ ಮೊದಲೇ ಮುಗಿಸಿ, ಡಿಸೆಂಬರ್ ಆರಂಭಕ್ಕೆ ಕುಂಡ ಸೇರಿಸಿ, ಊರಿನ ತಂಪು ದಿನಗಳನ್ನು ಹೂವಿಗೆ ಉಳಿಸಬೇಕು. ಕಣ್ಣಿನ ಮೇಲೆ ಅರ್ಧ ಇಂಚು ಮಣ್ಣು ಸಾಕು, ಆಳಕ್ಕೆ ಹೋದರೆ ಎಲೆ ಮಾತ್ರ. ಎಸಳು ಕಡಿಮೆಯಿರುವ, ಬೇಗ ಅರಳುವ ತಳಿಗಳೇ ವಾಸಿ. ನನ್ನದು 'ಸಾರಾ ಬರ್ನ್‌ಹಾರ್ಟ್', ಫ್ರೆಂಚ್ ನಟಿಯ ಹೆಸರಿನ, ಎಸಳು ತುಂಬಿದ ಮುದ್ದೆ ಹೂವು. ಚಿತ್ರ ನೋಡಿ ಕೊಂಡವರ ಪಾಡು.

ಜನವರಿ ಕೊನೆಗೆ ಒಂದೇ ಒಂದು ಅರಳಿತು. ಪೊಟ್ಟಣದ ಎಲೆಕೋಸಲ್ಲ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಮೂರು ದಿನವಿತ್ತು. ಪಕ್ಕದ ಮನೆಯ ಆಂಟಿ ಗೇಟಿನಲ್ಲೇ ನಿಂತು ನೋಡಿ, "ಕಾಗದದ್ದೇನೋ ಅಂದ್ಕೊಂಡೆ" ಅಂದರು.

ಆಮೇಲಿನ ಕಷ್ಟ ಇನ್ನೊಂದು. ಬೆಚ್ಚನೆಯ ರಾತ್ರಿಯಲ್ಲಿ ಗಿಡದ ಉಸಿರಾಟ ಜೋರು. ಎಲೆ ಹಗಲಿಡೀ ತಯಾರಿಸಿದ ಸಕ್ಕರೆಯಲ್ಲಿ ಹೆಚ್ಚಿನ ಪಾಲು ಅದರಲ್ಲೇ ಕರಗಿ, ಗೆಡ್ಡೆಗೆ ಸೇರುವುದು ಚೂರು. ಹೋದ ಸೆಪ್ಟೆಂಬರಿನಲ್ಲಿ ಅಗೆದಾಗ ಕೈಗೆ ಹಗುರವಾಗಿತ್ತು, ಮೂರು ಕಣ್ಣಿನ ಜಾಗದಲ್ಲಿ ಒಂದೇ.

ಆ ಕುಂಡದ ಪಕ್ಕದಲ್ಲಿ ಒಂದು ಗೌರಿ ಹೂವಿನ ಗೆಡ್ಡೆಯಿದೆ, ಅಗ್ನಿಶಿಖೆ ಎನ್ನುತ್ತಾರಲ್ಲ, ಅದು. ಅದೂ ವರ್ಷದಲ್ಲಿ ಆರು ತಿಂಗಳು ಸತ್ತಂತೆ ಮಲಗುತ್ತದೆ. ಆದರೆ ಅದು ಎದುರಿಸಿ ಬಂದದ್ದು ಹಿಮವನ್ನಲ್ಲ, ಬರವನ್ನು. ಅದು ಕಾಯುವುದು ಮಳೆಯನ್ನು. ಮೇ ತಿಂಗಳ ಎರಡು ಮಳೆಗೆ ಮಣ್ಣು ಸೀಳಿ ಬಂದು, ಈಗ ಕಿಟಕಿಯ ಸರಳಿಗೆ ಎಲೆಯ ತುದಿ ಸುತ್ತಿಕೊಂಡು ಮೇಲೇರುತ್ತಿದೆ.