ನಿಮಗಿದು ಗೊತ್ತೆ? ಮುಂಬೈ ಬಸುರಿಯರಿಂದ ಸಿಕ್ಕ ಫೋಲಿಕ್ ಆಮ್ಲದ ಸುಳಿವು

ಗರ್ಭಿಣಿಯರಿಗೆ ಇಂದು ತಪ್ಪದೆ ಕೊಡುವ ಫೋಲಿಕ್ ಆಮ್ಲದ ಮೊದಲ ಸುಳಿವು ಸಿಕ್ಕಿದ್ದು ಮುಂಬೈಯಲ್ಲಿ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಅಲ್ಲಿಗೆ ಬಂದಾಗ, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರು ತೀವ್ರ ರಕ್ತಹೀನತೆಯಿಂದ ನರಳುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವರ ಕೆಂಪು ರಕ್ತಕಣಗಳು ಮಾಮೂಲಿಗಿಂತ ದೊಡ್ಡವು. ಯೀಸ್ಟ್‌ನಿಂದ ತಯಾರಾಗುವ, ಬ್ರೆಡ್ಡಿಗೆ ಸವರಿಕೊಳ್ಳುವ ಅಗ್ಗದ ಮಾರ್ಮೈಟ್ ತಿನ್ನಿಸಿದಾಗ ಅವರು ಚೇತರಿಸಿಕೊಂಡರು! ವಿಲ್ಸ್ ಇದನ್ನು 1931ರಲ್ಲಿ ಪ್ರಕಟಿಸಿದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ, ಮಾರ್ಮೈಟ್‌ನಲ್ಲೂ ಇದ್ದ ಪೋಷಕಾಂಶಕ್ಕೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು.

ಮಗುವಿನ ಮಿದುಳು, ಬೆನ್ನುಹುರಿಯಾಗಿ ಬೆಳೆಯುವ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಅಷ್ಟರಲ್ಲಿ ತಾವು ಬಸುರಿ ಎಂಬುದೇ ಖಚಿತವಾಗಿರುವುದಿಲ್ಲ. ನರನಾಳದ ದೋಷ ತಡೆಯಲು ನೆರವಾಗುವ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವುದಕ್ಕೆ ಮೊದಲೇ ಶುರುಮಾಡಬೇಕು ಎನ್ನುವುದು ಇದಕ್ಕಾಗಿಯೇ. ಕನಿಷ್ಠ ಒಂದು ತಿಂಗಳ ಮುಂಚಿನಿಂದ ಮೊದಲ 3 ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಮಾನ್ಯ ಪ್ರಮಾಣ. ಹಿಂದಿನ ಮಗುವಿಗೆ ನರನಾಳದ ದೋಷವಿದ್ದರೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಅದನ್ನು ವೈದ್ಯರೇ ನಿರ್ಧರಿಸಲಿ.

ಬಸುರಿಯರಿಗೆ ಫೋಲಿಕ್ ಆಮ್ಲದ ಜೊತೆಗೆ ಅಯೋಡಿನ್, ಕಬ್ಬಿಣಾಂಶವೂ ಬೇಕು. ಅಯೋಡಿನ್‌ಗೆ ಅಯೋಡಿನ್‌ಯುಕ್ತ ಉಪ್ಪು ಸುಲಭದ ಮೂಲ. ಕಬ್ಬಿಣಾಂಶದ ವಿಷಯದಲ್ಲಿ ಮಾತ್ರ ಊಟದ ಜೊತೆಗೇ ಕಾಫಿ, ಟೀ ಕುಡಿಯುವ ಅಭ್ಯಾಸ ಅಡ್ಡಗಾಲಾಗುತ್ತದೆ. ಸೊಪ್ಪು, ಕಾಳಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆಯಾದರೂ ಅಂತರವಿರಲಿ.