ಮೇಷ್ಟ್ರ ಪಿಂಚಣಿ, ಕಂಡಕ್ಟರ್ ಪಿಂಚಣಿ: ನಿಮ್ಮ ಪಾಲಿಗೆ ಎಷ್ಟು?

ಚಿತ್ರದುರ್ಗದ ಯಾವುದಾದರೂ ಒಂದು ಬೀದಿ ಅಂತಿಟ್ಟುಕೊಳ್ಳಿ. ಎದುರು ಬದುರು ಮನೆ. ಈ ಮನೆಯವರು ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು, ಆ ಮನೆಯವರು ಕೆಎಸ್ಸಾರ್ಟಿಸಿಯಲ್ಲಿ ಕಂಡಕ್ಟರಾಗಿದ್ದವರು. ಇಬ್ಬರೂ ಮೂವತ್ತು ವರ್ಷದ ಹತ್ತಿರ ದುಡಿದಿದ್ದಾರೆ. ಇಬ್ಬರ ಮನೆಯಲ್ಲೂ ಗ್ಯಾಸ್ ಸಿಲಿಂಡರಿಗೆ, ಬಿ.ಪಿ. ಮಾತ್ರೆಗೆ ಒಂದೇ ರೇಟು. ಆದರೆ ತಿಂಗಳ ಶುರುವಿನಲ್ಲಿ ಮೇಷ್ಟ್ರ ಖಾತೆಗೆ ಮೂವತ್ತು ಸಾವಿರದ ಮೇಲೆ ಬಂದು ಬೀಳುತ್ತದೆ, ಕಂಡಕ್ಟರ್ ಖಾತೆಗೆ ಮೂರೋ ನಾಲ್ಕೋ ಸಾವಿರ. ‘ಇಬ್ಬರೂ ಸರ್ಕಾರದವರೇ ಅಲ್ವೇನ್ರೀ, ಇದ್ಯಾವ ನ್ಯಾಯ?’ ಅಂತ ನಿಮಗೂ ಅನ್ನಿಸಿರಬಹುದು.

ಇಬ್ಬರೂ ಸರ್ಕಾರದವರಲ್ಲ, ಗೊಂದಲ ಇರುವುದೇ ಅಲ್ಲಿ. ಕೆಂಪು ಬಸ್ಸನ್ನು ನಾವೆಲ್ಲ ಸರ್ಕಾರಿ ಬಸ್ಸು ಅಂತಲೇ ಕರೆದರೂ ಅದರ ಡ್ರೈವರ್, ಕಂಡಕ್ಟರುಗಳು ನಿಗಮದ ನೌಕರರು. ಖಾಸಗಿ ಕಂಪನಿ, ಗಾರ್ಮೆಂಟ್ಸ್, ಎಣ್ಣೆ ಮಿಲ್ಲಿನವರಿಗೆ ಇರುವ ಭವಿಷ್ಯನಿಧಿ ಪಿಂಚಣಿಯೇ, ಅಂದರೆ ಇಪಿಎಸ್-95 ಯೋಜನೆಯೇ ಅವರಿಗೂ. ‘ನಮ್ಮನ್ನೂ ಸರ್ಕಾರಿ ನೌಕರರೆಂದು ಪರಿಗಣಿಸಿ’ ಅನ್ನುವುದು 2020ರ ಡಿಸೆಂಬರಿನ ಸಾರಿಗೆ ಮುಷ್ಕರದ ಮುಖ್ಯ ಬೇಡಿಕೆಯಾಗಿತ್ತು. ಬಸ್ಸಿಲ್ಲದೆ ಹಿರಿಯೂರು, ಹೊಸದುರ್ಗದ ನಿಲ್ದಾಣದಲ್ಲಿ ಕಾದು ಕೂತು ಬೈದುಕೊಂಡವರು ಆ ಬೇಡಿಕೆಯ ಹಿಂದೆ ಒಂದು ಮುದಿವಯಸ್ಸಿನ ಲೆಕ್ಕವೂ ಇತ್ತು ಅನ್ನುವುದನ್ನು ಅಷ್ಟಾಗಿ ಗಮನಿಸಲಿಲ್ಲ.

ಲೆಕ್ಕ ಹೀಗಿದೆ, ಪೆನ್ನು ಹಿಡಿದೇ ನೋಡಿ. 2006ರ ಏಪ್ರಿಲ್ 1ಕ್ಕೆ ಮುಂಚೆ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೇ ಪಿಂಚಣಿ. ಪೂರ್ಣ ಸೇವೆ ಇದ್ದರೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಬೆಲೆ ಏರಿದಂತೆ ಪಿಂಚಣಿಯೂ ಏರುತ್ತದೆ. ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟಿನಿಂದ, ಕನಿಷ್ಠ ಪಿಂಚಣಿಯೇ 13,500 ರೂಪಾಯಿ. ಇಪಿಎಸ್‌ನಲ್ಲಿ ಹಾಗಲ್ಲ. ಸಂಬಳ ಐವತ್ತು ಸಾವಿರ ಇದ್ದರೂ ಪಿಂಚಣಿಗೆ ಹಿಡಿಯುವುದು 15,000 ಮಾತ್ರ. ಅದರ ಶೇ 8.33, ಅಂದರೆ ತಿಂಗಳಿಗೆ 1,250 ರೂಪಾಯಿ ಮಾಲೀಕರ ಕಡೆಯಿಂದ ಪಿಂಚಣಿ ನಿಧಿಗೆ ಹೋಗುತ್ತದೆ. ನಿವೃತ್ತಿಯಾದಾಗ 15,000ವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 33 ವರ್ಷ ದುಡಿದು, ಎರಡು ವರ್ಷದ ಬೋನಸ್ಸೂ ಸೇರಿ 35 ಆದರೆ ಬರುವುದು 7,500. ಈಗ ನಿವೃತ್ತರಾಗುವವರಿಗೆ ಅಷ್ಟೂ ಬರುವುದಿಲ್ಲ. ಯಾಕೆಂದರೆ 15,000ದ ಮಿತಿ ಬಂದದ್ದು 2014ರ ಸೆಪ್ಟೆಂಬರಿನಲ್ಲಿ, ಅದಕ್ಕೆ ಮುಂಚಿನ ವರ್ಷಗಳಿಗೆ 6,500ರ ಲೆಕ್ಕ. ಪೂರ್ತಿ ಸಂಬಳದ ಮೇಲೆ ವಂತಿಗೆ ಕಟ್ಟಿ ಹೆಚ್ಚಿನ ಪಿಂಚಣಿ ಪಡೆದವರ ವಿಷಯ ಬೇರೆ. ಉಳಿದವರಿಗೆ ಮೂರು, ನಾಲ್ಕು ಸಾವಿರ ಆಗುವುದು ಹೀಗೆ. ತುಟ್ಟಿಭತ್ಯೆ ಇಲ್ಲವೇ ಇಲ್ಲ. ಮೊದಲ ತಿಂಗಳು ಬಂದದ್ದೇ ಕೊನೇತನಕ.

ಕನಿಷ್ಠ 1,000 ರೂಪಾಯಿ ಅಂತ ನಿಗದಿಯಾದದ್ದೂ 2014ರಲ್ಲೇ. ಕನಿಷ್ಠ 7,500 ಮಾಡಿ, ತುಟ್ಟಿಭತ್ಯೆ ಕೊಡಿ ಅಂತ ನಿವೃತ್ತರು ಅಂದಿನಿಂದ ಧರಣಿ ಕೂರುತ್ತಲೇ ಬಂದರು, ಹತ್ತು ವರ್ಷ ಕಳೆದರೂ ಆ ಸಾವಿರ ಸಾವಿರವಾಗಿಯೇ ಇತ್ತು. ನಮ್ಮ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬೀಳಲು 2022 ಆಗಬೇಕಾಯಿತು. ಅಷ್ಟು ಕಾಯುವ ವಯಸ್ಸು ಈ ಹಿರಿಯರದ್ದಲ್ಲ.

ಹಾಗಂತ ಮೇಷ್ಟ್ರ ಮನೆ ಕಡೆ ನೋಡಿ ಹೊಟ್ಟೆ ಉರಿದುಕೊಂಡು ಪ್ರಯೋಜನವಿಲ್ಲ. ಅವರ ಪಿಂಚಣಿ ಕಿತ್ತುಕೊಂಡರೆ ಕಂಡಕ್ಟರ್ ಮನೆ ಒಲೆ ಉರಿಯುವುದಿಲ್ಲ. ಇನ್ನೊಂದು ಮಾತು, ಆ ಮೇಷ್ಟ್ರ ಸೊಸೆಯೇ 2006ರ ನಂತರ ಶಿಕ್ಷಕಿಯಾಗಿದ್ದರೆ ಅವರಿಗೆ ಈ ಭಾಗ್ಯವಿಲ್ಲ. ಅವರದ್ದು ಎನ್‌ಪಿಎಸ್. ಸಂಬಳದಿಂದ ಶೇ 10 ಕಡಿತ, ಸರ್ಕಾರದ್ದು ಶೇ 14, ಆ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟು. ಕೊನೆಗೆ ಎಷ್ಟು ಬರುತ್ತದೆ ಅಂತ ಯಾರೂ ಇವತ್ತು ಹೇಳಲಾರರು. 2006ಕ್ಕೆ ಮುಂಚಿನ ಅಧಿಸೂಚನೆಯಲ್ಲಿ ಆಯ್ಕೆಯಾಗಿ ಆಮೇಲೆ ಸೇರಿದವರಿಗೆ ಮಾತ್ರ 2024ರ ಜನವರಿಯ ಆದೇಶದಿಂದ ಹಳೇ ಪಿಂಚಣಿಯ ಬಾಗಿಲು ತೆರೆಯಿತು. ಹಾಗಾಗಿ ಸರ್ಕಾರಿ, ಖಾಸಗಿ ಅನ್ನುವ ಒಂದೇ ಗೆರೆ ಎಳೆದರೆ ಸಾಲದು. ಸೇರಿದ ತಾರೀಖೂ ಅಷ್ಟೇ ಮುಖ್ಯ.

ನ್ಯಾಯದ ಮಾತಾಡುವಾಗ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಕಂಪನಿಯವರಿಗೆ, ನಿಗಮದವರಿಗೆ ಪಿ.ಎಫ್. ಗಂಟು ಇರುತ್ತದೆ. ಅದರಲ್ಲಿ ಮಾಲೀಕರ ಪಾಲೂ ಇದೆ. ಹಳೇ ಪಿಂಚಣಿಯ ನೌಕರರ ಜಿಪಿಎಫ್‌ನಲ್ಲಿ ಇರುವುದು ಅವರದೇ ದುಡ್ಡು. ಅಂದರೆ ಕಂಡಕ್ಟರ್ ಪಿಂಚಣಿಯ ಒಂದು ಭಾಗ ಗಂಟಿನ ರೂಪದಲ್ಲಿ ಒಟ್ಟಿಗೇ ಬಂದುಬಿಡುತ್ತದೆ. ಆದರೆ ಆ ಗಂಟು ನಮ್ಮ ಮನೆಗಳಲ್ಲಿ ಎಷ್ಟು ದಿನ ಇರುತ್ತದೆ ಹೇಳಿ? ಮಗಳ ಮದುವೆ, ಮನೆ ಮೇಲೊಂದು ಅಂತಸ್ತು, ಮಗನಿಗೊಂದು ಅಂಗಡಿ. ವರ್ಷ ತುಂಬುವುದರೊಳಗೆ ಖಾಲಿ. ಈ ವಿಷಯದಲ್ಲಿ ನೀವು ಸ್ವಲ್ಪ ಗಟ್ಟಿಯಾಗಲೇಬೇಕು. ಹತ್ತು ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ, 2024-25ರ ಶೇ 8.2 ಬಡ್ಡಿಯಂತೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಕೈಗೆ ಬರುತ್ತಿತ್ತು. ಪಿಂಚಣಿಗಿಂತ ಹೆಚ್ಚಾಯಿತಲ್ಲ! ಬಡ್ಡಿ ದರ ಆಗಾಗ ಬದಲಾಗುತ್ತದೆ, ಇಡುವ ದಿನ ಕೇಳಿಕೊಂಡೇ ಇಡಿ. ‘ಅಪ್ಪನ ಗಂಟು ಇದೆಯಲ್ಲ’ ಅನ್ನುವ ಮಕ್ಕಳಿಗೆ ‘ಅದು ನಿಮ್ಮಪ್ಪನ ಸಂಬಳ ಕಣಪ್ಪಾ’ ಅಂತ ಹೇಳುವುದಕ್ಕೆ ಸಂಕೋಚ ಬೇಡ.

ಅವರ ನಂತರ?

ಕೇಳಲು ಕಷ್ಟವಾದ ಪ್ರಶ್ನೆ. ‘ಬಿಡ್ತು ಅನ್ನಿ’ ಅನ್ನುತ್ತೀರಿ. ಆದರೆ ತಾರತಮ್ಯದ ಪೂರ್ತಿ ಪೆಟ್ಟು ಬೀಳುವುದು ಇಲ್ಲೇ, ಅದೂ ಹೆಂಡತಿಯ ಮೇಲೆ. ಹಳೇ ಪಿಂಚಣಿಯಲ್ಲಿ ಕುಟುಂಬ ಪಿಂಚಣಿ ಮೂಲ ವೇತನದ ಶೇ 30. ಕೊನೆಯ ಮೂಲ ವೇತನ 60,000 ಇದ್ದರೆ ಹೆಂಡತಿಗೆ 18,000, ಜೊತೆಗೆ ತುಟ್ಟಿಭತ್ಯೆ. ಇಪಿಎಸ್‌ನಲ್ಲಿ ಪಿಂಚಣಿದಾರರು ತೀರಿಕೊಂಡರೆ ಹೆಂಡತಿಗೆ ಅವರ ಪಿಂಚಣಿಯ ಅರ್ಧ. 3,500ರ ಅರ್ಧ 1,750. ಔಷಧಿ ಅಂಗಡಿಗೆ ಒಂದು ಸಲ ಹೋಗಿ ಬಂದರೆ ಮುಗಿಯಿತು. ಅದೂ ತಾನಾಗಿ ಬರುವುದಿಲ್ಲ, ಮರಣ ಪ್ರಮಾಣಪತ್ರ ಇಟ್ಟು ನೀವೇ ಅರ್ಜಿ ಹಾಕಬೇಕು.

ಅದಕ್ಕೇ ಯಜಮಾನರ ಪಿಂಚಣಿ ಆದೇಶದ ಪ್ರತಿಯನ್ನು ಬೀರುವಿನಿಂದ ತೆಗೆದು ಒಮ್ಮೆ ಓದಿ. ನಿಮ್ಮ ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ? ಅಲ್ಲಿ ರತ್ನಮ್ಮ, ಇಲ್ಲಿ ರತ್ನ ಅಂತಾಗಿದ್ದರೆ ಅವರಿರುವಾಗಲೇ ಸರಿಪಡಿಸುವುದು ಸುಲಭ. ಇನ್ನೂ ಕೆಲಸದಲ್ಲಿದ್ದಾರೆ ಅಂದರೆ ನಾಮಿನಿ ಯಾರೆಂದು ನೋಡಿ. ಮದುವೆಗೆ ಮುಂಚೆ ಅತ್ತೆಯವರ ಹೆಸರು ಬರೆಸಿದ್ದ ಪಿ.ಎಫ್. ನಾಮಿನೇಷನ್ ಮದುವೆಯಾದ ಕೂಡಲೇ ಅಸಿಂಧು, ಹೊಸದಾಗಿ ಮಾಡಿಸಬೇಕು. ಸೇವೆಯಲ್ಲಿದ್ದಾಗಲೇ ಅನಾಹುತವಾದರೆ ಹತ್ತು ವರ್ಷ ತುಂಬಿರಬೇಕು ಅನ್ನುವ ನಿಯಮವಿಲ್ಲ. ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಹೆಂಡತಿಗೆ ಪಿಂಚಣಿ ಉಂಟು, 25 ವರ್ಷದೊಳಗಿನ ಇಬ್ಬರು ಮಕ್ಕಳಿಗೂ ಉಂಟು. ಜೊತೆಗೆ ಏಳು ಲಕ್ಷದವರೆಗಿನ ವಿಮೆ. ‘ಅವರು ಸೇರಿ ಎರಡೇ ವರ್ಷ ಆಗಿತ್ತು, ಏನೂ ಸಿಗಲ್ಲ’ ಅಂತ ಯಾರೋ ಹೇಳಿದ್ದನ್ನು ನಂಬಿ ಸುಮ್ಮನಾಗಬೇಡಿ. ಎನ್‌ಪಿಎಸ್ ಮನೆಯವರು ನಿವೃತ್ತಿಯ ಹೊತ್ತಿಗೆ ಪಿಂಚಣಿ ಕೊಳ್ಳುವಾಗ ಗಂಡನ ನಂತರ ಹೆಂಡತಿಗೂ ಮುಂದುವರಿಯುವ ಬಗೆಯನ್ನೇ ಆರಿಸುವಂತೆ ನೋಡಿಕೊಳ್ಳಿ.

ಮತ್ತೆ ನಿಮ್ಮದು? ಮದುವೆಗೆ ಮುಂಚೆ ನೀವೂ ಕಾನ್ವೆಂಟಿನಲ್ಲೋ ಗಾರ್ಮೆಂಟ್ಸಿನಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡಿದ್ದಿರಿ ಅಲ್ವಾ? ಪಿ.ಎಫ್. ಕಡಿತವಾಗುತ್ತಿದ್ದರೆ ಆ ಖಾತೆ ತವರಿನ ಹೆಸರಿನಲ್ಲಿ ಎಲ್ಲೋ ಮಲಗಿರುತ್ತದೆ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ಬೀದಿಗಿಳಿದದ್ದು ಇದೇ ಪಿ.ಎಫ್.ಗಾಗಿ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅನ್ನುವ ನಿಯಮವನ್ನು ಕೇಂದ್ರ ಸರ್ಕಾರ ಹಿಂದಕ್ಕೆ ಪಡೆಯಿತು. ಅವರ ಹಟ ಸರಿಯೇ. ಆದರೆ ಕೆಲಸ ಬಿಟ್ಟಾಗಲೆಲ್ಲ ಪಿಂಚಣಿ ಪಾಲನ್ನೂ ತೆಗೆದುಬಿಟ್ಟರೆ ಆ ವರ್ಷಗಳು ಲೆಕ್ಕದಿಂದ ಹೋಗುತ್ತವೆ. ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಂಡರೆ ಮುಂದೆ ಬೇರೆ ಕಡೆ ಮಾಡಿದ ಸೇವೆಯೂ ಸೇರಿ ಹತ್ತು ವರ್ಷ ತುಂಬಿದಾಗ ಪಿಂಚಣಿಗೆ ಅರ್ಹತೆ ಬರುತ್ತದೆ. ಹಿರಿಯೂರಿನ ವಾಣಿವಿಲಾಸ ಸಕ್ಕರೆ ಕಾರ್ಖಾನೆಯ ಹಾಗೆ ಬಾಗಿಲು ಮುಚ್ಚಿದ ಕಡೆ ದುಡಿದವರ ಮನೆಯವರಿಗೂ ಈ ಮಾತು. ಕಾರ್ಖಾನೆ ಹೋದರೂ ಪಿ.ಎಫ್. ಖಾತೆ ಹೋಗುವುದಿಲ್ಲ, ಹಳೇ ಸಂಬಳದ ಚೀಟಿ ಇದ್ದರೆ ಹುಡುಕಿ.

ಹೊಳಲ್ಕೆರೆಯ ಅಡಿಕೆ ಮಂಡಿ, ಹೊಸದುರ್ಗದ ತೆಂಗಿನಕಾಯಿ ವ್ಯಾಪಾರದಂಥ ಕಡೆ ಲೆಕ್ಕ ಬರೆಯುವವರ ಮನೆಗಳಿಗೆ ಈ ಎರಡೂ ಇಲ್ಲ. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಕಡೆ ಸಾಮಾನ್ಯವಾಗಿ ಪಿ.ಎಫ್. ಕಡ್ಡಾಯವಲ್ಲ. ಅವರಿಗೆ, ಮತ್ತು ಸಂಬಳವೇ ಇಲ್ಲದ ಗೃಹಿಣಿಯರಿಗೆ, ಅಟಲ್ ಪಿಂಚಣಿ ಯೋಜನೆ ಇದೆ. ವಯಸ್ಸು 18ರಿಂದ 40ರೊಳಗಿರಬೇಕು, ಆದಾಯ ತೆರಿಗೆ ಕಟ್ಟುವವರಾಗಿರಬಾರದು. ಮೂವತ್ತಕ್ಕೆ ಸೇರಿದರೆ ತಿಂಗಳಿಗೆ 577 ರೂಪಾಯಿ, ಅರವತ್ತಾದ ಮೇಲೆ ತಿಂಗಳಿಗೆ 5,000. ನಲವತ್ತಕ್ಕೆ ಸೇರಿದರೆ ಅದೇ 5,000ಕ್ಕೆ 1,454 ಕಟ್ಟಬೇಕು, ನೋಡಿ ವ್ಯತ್ಯಾಸ. ನಿಮ್ಮ ನಂತರ ಗಂಡನಿಗೂ ಅಷ್ಟೇ ಪಿಂಚಣಿ. ಇದಕ್ಕೂ ತುಟ್ಟಿಭತ್ಯೆ ಇಲ್ಲ ಅನ್ನುವುದು ನೆನಪಿರಲಿ. ಆದರೂ ನಿಮ್ಮದೇ ಹೆಸರಿನ ಪಾಸ್‌ಬುಕ್ಕು, ನಿಮ್ಮದೇ ದುಡ್ಡು.

ಪಿ.ಎಫ್. ವಿಷಯದಲ್ಲಿ ಅನುಮಾನವಿದ್ದರೆ ಏಜೆಂಟರಿಗೆ ದುಡ್ಡು ಕೊಡಬೇಡಿ. ಭವಿಷ್ಯನಿಧಿ ಸಂಸ್ಥೆಯವರು 2023ರ ಜನವರಿಯಿಂದ ತಿಂಗಳಿಗೊಮ್ಮೆ, 27ನೇ ತಾರೀಖಿನ ಹೊತ್ತಿಗೆ, ಜಿಲ್ಲೆಗಳಲ್ಲೇ ‘ನಿಧಿ ಆಪ್ಕೆ ನಿಕಟ್’ ಶಿಬಿರ ಶುರು ಮಾಡಿದ್ದಾರೆ. ಚಿತ್ರದುರ್ಗದಲ್ಲಿ ಈ ಸಲ ಎಲ್ಲಿ ಅಂತ ವಿಚಾರಿಸಿಕೊಂಡು ಆಧಾರ್, ಬ್ಯಾಂಕ್ ಪಾಸ್‌ಬುಕ್, ಯು.ಎ.ಎನ್. ನಂಬರು ಹಿಡಿದು ಹೋಗಿ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು, ಒ.ಟಿ.ಪಿ. ಬರುವುದು ಅವರ ಮೊಬೈಲಿಗೆ.