ನಿನ್ನೆ ಬಂದ ಫೈಲಿಗೆ ಹಳೆಯ ತಾರೀಕು

ನಿಮ್ಮ ಲಿನಕ್ಸ್ ಕಂಪ್ಯೂಟರಿಗೆ ‘ಗುಬ್ಬಿ’ ಎಂಬ ಕನ್ನಡ ಫಾಂಟ್ ಹಾಕಿಕೊಂಡಿರಿ ಎನ್ನೋಣ. ಡೆಬಿಯನ್, ಉಬುಂಟುಗಳಲ್ಲಿ ಅದು ಸಿದ್ಧ ಪ್ಯಾಕೇಜಾಗಿಯೇ ಸಿಗುತ್ತದೆ. ಒಂದು ಸಾಲಿನ ಆಜ್ಞೆ ಕೊಟ್ಟರೆ ಕೆಲಸ ಮುಗಿಯಿತು. ಆದರೆ ಬಂದ ಫೈಲುಗಳು ಹೋಗಿ ಕೂತದ್ದೆಲ್ಲಿ? ಲಿನಕ್ಸಿನಲ್ಲಿ ಒಂದು ತಂತ್ರಾಂಶಕ್ಕೆ ಒಂದೇ ಫೋಲ್ಡರ್ ಎಂಬ ಪದ್ಧತಿ ಸಾಮಾನ್ಯವಾಗಿ ಇಲ್ಲ. ಓಡುವ ಪ್ರೋಗ್ರಾಮು ಒಂದು ಕಡೆ, ಸೆಟ್ಟಿಂಗುಗಳು ಇನ್ನೊಂದು ಕಡೆ, ಚಿತ್ರ-ಫಾಂಟು-ಕೈಪಿಡಿಗಳು ಮತ್ತೊಂದು ಕಡೆ. ಸರಿ, ತಾರೀಕಿನ ಪ್ರಕಾರ ಜೋಡಿಸಿದರೆ ಹೊಸದು ಮೇಲೆ ಬರಬೇಕಲ್ಲ ಎಂದು ಹುಡುಕಿದರೆ ಅದೂ ಕೈಕೊಡುತ್ತದೆ. ಈಗಷ್ಟೇ ಬಂದ ಫೈಲಿನ ಮುಂದೆ ಯಾವುದೋ ಹಳೆಯ ವರ್ಷ ಕಾಣುತ್ತದೆ.

ಕಂಪ್ಯೂಟರ್ ಸುಳ್ಳು ಹೇಳುತ್ತಿಲ್ಲ. ನಾವು ಕೇಳಿದ ಪ್ರಶ್ನೆ ಬೇರೆ, ಅದು ಕೊಟ್ಟ ಉತ್ತರ ಬೇರೆ.

ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ‘ಐನೋಡ್’ ಎಂಬ ಪುಟ್ಟ ದಾಖಲೆ ಇರುತ್ತದೆ. ಫೈಲಿನ ಗಾತ್ರ, ಒಡೆಯ, ಯಾರು ಓದಬಹುದು ಯಾರು ಬರೆಯಬಹುದು ಎಂಬ ಅನುಮತಿ ಎಲ್ಲ ಅದರಲ್ಲಿದೆ. ಫೈಲಿನ ಹೆಸರು ಮಾತ್ರ ಇಲ್ಲ. ಅದು ಫೋಲ್ಡರಿನ ಪಾಲು. ಈ ಐನೋಡಿನಲ್ಲಿ ಯುನಿಕ್ಸ್ ಕಾಲದಿಂದ ಬಂದ ಮೂರು ಸಮಯಗಳಿವೆ. ಕೊನೆಯ ಬಾರಿ ಓದಿದ್ದು ಎಟೈಮ್. ಒಳಗಿನ ವಿಷಯ ಕೊನೆಯ ಬಾರಿ ಬದಲಾದದ್ದು ಎಂಟೈಮ್. ಐನೋಡೇ ಕೊನೆಯ ಬಾರಿ ಬದಲಾದದ್ದು ಸಿಟೈಮ್. ಈ ‘ಸಿ’ಯನ್ನು ‘ಕ್ರಿಯೇಷನ್’ ಎಂದು ಓದಿ ಮೋಸಹೋದವರು ಬಹಳ, ಅದು ‘ಚೇಂಜ್’.

ಪಟ್ಟಿ ಮಾಡುವ ಆಜ್ಞೆ ಕೇಳದಿದ್ದರೂ ತೋರಿಸುವುದು ಎಂಟೈಮನ್ನು. ಪ್ಯಾಕೇಜ್ ಬಿಚ್ಚುವ ತಂತ್ರಾಂಶ, ಅದನ್ನು ಕಟ್ಟಿದವರ ಕಡೆ ಇದ್ದ ಎಂಟೈಮನ್ನೇ ನಿಮ್ಮ ಡಿಸ್ಕಿಗೂ ನಿಷ್ಠೆಯಿಂದ ನಕಲು ಮಾಡುತ್ತದೆ. ಗ್ರಂಥಾಲಯಕ್ಕೆ ಇಂದು ಬಂದ ಪುಸ್ತಕದಲ್ಲಿ 1972ರ ಮುದ್ರಣ ಎಂದಿರಬಹುದು. ಅದು ಇಲ್ಲಿಗೆ ಬಂದದ್ದು ಯಾವತ್ತು ಎಂಬುದಕ್ಕೆ ಗ್ರಂಥಪಾಲಕರ ಮೊಹರನ್ನೇ ನೋಡಬೇಕು. ಎಂಟೈಮ್ ಮುದ್ರಣದ ವರ್ಷ, ಸಿಟೈಮ್ ಮೊಹರು. ಇದರ ತುತ್ತತುದಿ ನೋಡಬೇಕಾದರೆ ನಿಕ್ಸ್‌ಓಎಸ್ ಎಂಬ ಲಿನಕ್ಸಿದೆ. ಅದರ ಉಗ್ರಾಣದಲ್ಲಿರುವ ಫೈಲುಗಳಿಗೆಲ್ಲ ಒಂದೇ ಎಂಟೈಮ್: ಯುನಿಕ್ಸ್ ಗಡಿಯಾರ ಶುರುವಾದ ಮೇಲಿನ ಮೊದಲ ಸೆಕೆಂಡು. ಭಾರತದ ಗಡಿಯಾರದಲ್ಲಿ 1970ರ ಜನವರಿ 1, ಬೆಳಿಗ್ಗೆ 5 ಗಂಟೆ 30 ನಿಮಿಷ 1 ಸೆಕೆಂಡ್. ಯಾರು ಎಲ್ಲಿ ಕಟ್ಟಿದರೂ ಫಲಿತಾಂಶ ಒಂದೇ ಆಗಲಿ ಎಂದು ಬೇಕೆಂದೇ ಮಾಡಿದ ಏರ್ಪಾಡು ಇದು.

ಹಾಗಾಗಿ ಹೊಸ ಫೈಲು ಬೇಕಿದ್ದರೆ ಸಿಟೈಮನ್ನೇ ಹಿಡಿಯಬೇಕು. ‘ಫೈಂಡ್’ ಆಜ್ಞೆಗೆ ‘ಸಿಮಿನ್’ ಎಂಬ ಆಯ್ಕೆ ಕೊಟ್ಟು, ಮುಂದೆ ಋಣಚಿಹ್ನೆಯೊಡನೆ 10 ಎಂದು ಬರೆದರೆ, ಕಳೆದ ಹತ್ತು ನಿಮಿಷಗಳಲ್ಲಿ ಸಿಟೈಮ್ ಬದಲಾದ ಫೈಲುಗಳಷ್ಟೇ ಬರುತ್ತವೆ. ಇಡೀ ಡಿಸ್ಕನ್ನು ಜಾಲಾಡಬೇಡಿ. ‘ಪ್ರಾಕ್’, ‘ಸಿಸ್’ ಎಂಬ ಫೋಲ್ಡರುಗಳು ಡಿಸ್ಕಿನಲ್ಲಿ ಇರುವುದೇ ಇಲ್ಲ, ಲಿನಕ್ಸಿನ ತಿರುಳಾದ ಕರ್ನೆಲ್ ನಿಂತ ನಿಲುವಿನಲ್ಲೇ ಸೃಷ್ಟಿಸಿ ತೋರಿಸುವಂಥವು. ಅಲ್ಲಿ ಕಂಡದ್ದೆಲ್ಲ ಹೊಸದೇ. ‘ಯುಎಸ್ಆರ್’, ‘ಇಟಿಸಿ’, ‘ಆಪ್ಟ್’ ಈ ಮೂರರಲ್ಲಿ ಹುಡುಕಿದರೆ ಬಹುತೇಕ ಸಾಕು.

ಸಿಟೈಮಿಗೂ ಒಂದು ದೌರ್ಬಲ್ಯ ಉಂಟು. ಫೈಲಿನ ಅನುಮತಿ ಬದಲಿಸಿದರೂ, ಒಡೆಯನನ್ನು ಬದಲಿಸಿದರೂ ಅದು ಹೊಸದಾಗುತ್ತದೆ. ಹಳೆಯ ಡಿಸ್ಕಿನಿಂದ ಹೊಸದಕ್ಕೆ ಎಲ್ಲವನ್ನೂ ನಕಲು ಮಾಡಿದಿರೋ, ಎಲ್ಲ ಫೈಲೂ ಅಂದೇ ಬಂದಂತೆ ಕಾಣುತ್ತದೆ. ನಿಜವಾದ ಹುಟ್ಟಿದ ಹೊತ್ತೇ ಬೇಕೆನ್ನುವವರಿಗೆ ಎಕ್ಸ್ಟ್4 ಫೈಲ್ ವ್ಯವಸ್ಥೆ ನಾಲ್ಕನೆಯ ಸಮಯವನ್ನೂ ಬರೆದಿಡುತ್ತದೆ. ವಿಚಿತ್ರವೆಂದರೆ, ಡಿಸ್ಕಿನಲ್ಲಿ ಇದ್ದ ಈ ಮಾಹಿತಿಯನ್ನು ಸಾಮಾನ್ಯ ಪ್ರೋಗ್ರಾಮುಗಳು ಕೇಳಿ ಪಡೆಯುವ ದಾರಿ ಕರ್ನೆಲ್‌ನಲ್ಲಿ ತೆರೆದದ್ದು 2017ರಲ್ಲಿ, 4.11ನೇ ಆವೃತ್ತಿಯೊಂದಿಗೆ. ಆದರೂ ಅದನ್ನು ಪೂರ್ತಿ ನಂಬುವಂತಿಲ್ಲ. ಹಲವು ಎಡಿಟರುಗಳು ಫೈಲನ್ನು ತಿದ್ದುವಾಗ ಹೊಸದೊಂದನ್ನು ಬರೆದು ಹಳೆಯದರ ಜಾಗಕ್ಕೆ ತಂದಿಡುತ್ತವೆ. ಹೆಸರು ಅದೇ, ಹುಟ್ಟು ಮಾತ್ರ ಇವತ್ತಿನದು.

ಇಷ್ಟೆಲ್ಲ ಏಕೆ, ಪ್ಯಾಕೇಜ್ ವ್ಯವಸ್ಥೆಯನ್ನೇ ಕೇಳಬಾರದೇ ಎಂದರೆ, ಖಂಡಿತ ಕೇಳಬಹುದು. ಮೊದಲು ಕೇಳಬೇಕಾದ್ದೇ ಅದನ್ನು. ಡೆಬಿಯನ್ ಬಳಗದ ‘ಡಿಪಿಕೆಜಿ’ ಪ್ರತಿ ಪ್ಯಾಕೇಜಿನ ಫೈಲುಗಳ ಪಟ್ಟಿಯನ್ನೂ, ಯಾವಾಗ ಏನು ಹಾಕಿದೆ ಎಂಬ ದಿನಚರಿಯನ್ನೂ ಇಟ್ಟಿರುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ಆ ಕೆಲಸ ‘ಆರ್‌ಪಿಎಂ’ನದು. ಆದರೆ ಪಟ್ಟಿಯಲ್ಲಿ ಇರುವುದು ಪ್ಯಾಕೇಜಿನೊಳಗೆ ತುಂಬಿ ಬಂದದ್ದು ಮಾತ್ರ. ನಮ್ಮ ಗುಬ್ಬಿ ಬಂದಾಗ ಫಾಂಟುಗಳ ಕ್ಯಾಷ್ ಹೊಸದಾಗಿ ತಯಾರಾಗುತ್ತದೆ. ಆ ಕ್ಯಾಷ್ ಫೈಲುಗಳು ಗುಬ್ಬಿಯ ಪಟ್ಟಿಯಲ್ಲಿಲ್ಲ, ಸಿಟೈಮಿನ ಹುಡುಕಾಟವನ್ನು ಆ ಮೂರು ಫೋಲ್ಡರುಗಳಾಚೆಗೂ ಹಿಗ್ಗಿಸಿದರೆ ಸಿಗುತ್ತವೆ. ಇನ್ನು ಮೂಲ ಕೋಡ್ ತಂದು ‘ಮೇಕ್ ಇನ್‌ಸ್ಟಾಲ್’ ಎಂದು ನೀವೇ ಕೂರಿಸಿದ ತಂತ್ರಾಂಶದ ಸುದ್ದಿ ಡಿಪಿಕೆಜಿಗೆ ಗೊತ್ತೇ ಆಗುವುದಿಲ್ಲ. ಅಂಥ ಕಡೆ ಹಳಬರ ಉಪಾಯವೊಂದಿದೆ: ಕೂರಿಸುವ ಮುನ್ನ ‘ಟಚ್’ ಆಜ್ಞೆಯಿಂದ ಖಾಲಿ ಫೈಲೊಂದನ್ನು ಗುರುತಿಗೆ ಸೃಷ್ಟಿಸಿ, ಆಮೇಲೆ ‘ಸಿನ್ಯೂಅರ್’ ಆಯ್ಕೆ ಕೊಟ್ಟು ಅದಕ್ಕಿಂತ ಈಚಿನವೆಲ್ಲವನ್ನೂ ಹುಡುಕುವುದು. ನಿಮಿಷದ ಲೆಕ್ಕ ಬೇಕಿಲ್ಲ.

ಕದ್ದು ಬಂದ ಫೈಲಿನ ಕತೆ ಬೇರೆ. ಎಂಟೈಮನ್ನು ಫೈಲಿನ ಒಡೆಯ ಅದೇ ಟಚ್ ಆಜ್ಞೆಯಿಂದ ಬೇಕಾದ ತಾರೀಕಿಗೆ ತಿರುಗಿಸಬಹುದು. ನುಸುಳುಕೋರರು ಮಾಡುವುದೂ ಅದನ್ನೇ. ಸಿಟೈಮನ್ನು ಹೀಗೆ ತಿದ್ದಲು ಕರ್ನೆಲ್ ನೇರ ದಾರಿ ಕೊಟ್ಟಿಲ್ಲ. ಎಂಟೈಮ್ ತಿದ್ದಿದ ಗಳಿಗೆಯೇ ಸಿಟೈಮಿನಲ್ಲಿ ದಾಖಲಾಗಿಬಿಡುತ್ತದೆ. ಆದರೆ ರೂಟ್ ಅಧಿಕಾರ ಸಿಕ್ಕವನಿಗೆ ಇದೂ ಅಡ್ಡಿಯಲ್ಲ. ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಬಹುದು, ಡಿಸ್ಕಿನ ಐನೋಡನ್ನೇ ನೇರವಾಗಿ ತಿದ್ದಬಹುದು. ಅದಕ್ಕೇ 1992ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೀನ್ ಕಿಮ್ ಮತ್ತು ಯೂಜೀನ್ ಸ್ಪಾಫರ್ಡ್ ತಾರೀಕನ್ನಷ್ಟೇ ನೆಚ್ಚದ ‘ಟ್ರಿಪ್‌ವೈರ್’ ರೂಪಿಸಿದರು. ವ್ಯವಸ್ಥೆ ಶುದ್ಧವಾಗಿದ್ದಾಗಲೇ ಮುಖ್ಯ ಫೈಲುಗಳ ಒಳವಿಷಯದಿಂದ ಗಣಿತದ ಬೆರಳಚ್ಚು ತೆಗೆದಿಟ್ಟುಕೊಂಡು, ಆಮೇಲೆ ಬೇಕೆಂದಾಗ ಹೋಲಿಸಿ ನೋಡುವುದು ಅದರ ವಿಧಾನ. ಇಂದು ‘ಏಡ್’ನಂಥ ಮುಕ್ತ ತಂತ್ರಾಂಶಗಳು ಇದೇ ಕೆಲಸ ಮಾಡುತ್ತವೆ. ಬಳಸುವುದಾದರೆ ಆ ಬೆರಳಚ್ಚುಗಳ ಪಟ್ಟಿಯನ್ನು ಅದೇ ಕಂಪ್ಯೂಟರಿನಲ್ಲಿ ಬಿಡಬೇಡಿ. ಫೈಲುಗಳನ್ನು ತಿದ್ದಬಲ್ಲವನು ಪಟ್ಟಿಯನ್ನೂ ತಿದ್ದಬಲ್ಲ.